ಚಳಿಗೆ ಬೆಳಿಗ್ಗೆ ಗಾಡಿ ಹಿಡೀತಾ ಇಲ್ಲ, ತಲೆ ಕೆಟ್ಟೋಗಿದೆ (ಶಿರಸಿ)

ತೋಟದಮನೆ: ಬೆಳಿಗ್ಗೆ ಆರಕ್ಕೆ ಸೆಲ್ಫ್ ಹೊಡೆದರೆ ಬರೀ ತಿರುಗ್ತದೆ, ಹಿಡಿಯೋದಿಲ್ಲ. ಹೊಡೆದೂ ಹೊಡೆದೂ ಅಂತೂ ಹಿಡಿದರೆ ಗಡಗಡ ನಡುಗಿ, ಅಂಗಳ ತುಂಬ ಬಿಳಿ ಹೊಗೆ ಬಿಟ್ಟು, ಆಮೇಲೆ ಏನೂ ಆಗಿಲ್ಲ ಅನ್ನೋ ಥರ ಓಡ್ತದೆ. ಮಧ್ಯಾಹ್ನ ಮುಟ್ಟಿದರೆ ಸ್ಟಾರ್ಟ್. ಬ್ಯಾಟರಿ ಹೊಸದು. ಅಡಿಕೆ ಕೊನೆಕೊಯ್ಲಿನ ಟೈಮು, ಆಳುಗಳು ಅಲ್ಲಿ ಕಾಯ್ತಿರ್ತಾರೆ, ನಾನಿಲ್ಲಿ ಚಾವಿ ತಿರುಗಿಸ್ತಿರ್ತೇನೆ. ಹೊಸ ಗಾಡಿ ತಗೊಳ್ಳಿ ಅಂತ ಮಾತ್ರ ಹೇಳ್ಬೇಡಿ.

ಬೈತಕೋಲ್ ಬೋಟು: ಪೆಟ್ರೋಲೋ ಡೀಸೆಲೋ? ಕವಡೆ ಹಾಕಿ ನೋಡ್ಬೇಕಾ ನಾವು?

ತೋಟದಮನೆ: ಬಿಳಿ ಹೊಗೆ ಅಂದ್ಮೇಲೆ ಡೀಸೆಲ್ಲೇ ಅಲ್ವಾ ಮಾರಾಯ್ರೆ. 2013ರ ಕಾಮನ್ ರೈಲು ಎಂಜಿನ್ನು, ಒಂದೇ ಪೈಪಿನಿಂದ ಎಲ್ಲ ಸಿಲಿಂಡರಿಗೂ ಒತ್ತಡದ ಡೀಸೆಲ್ ಹೋಗ್ತದಲ್ಲ, ಅದು.

ಸಿದ್ದಾಪುರ ಸ್ಪ್ಯಾನರ್: ಹೀಟರ್ ಪ್ಲಗ್, ಸ್ಟಾರ್ಟಿಗೆ ಮೊದಲು ಸಿಲಿಂಡರ್ ಬಿಸಿ ಮಾಡ್ತದಲ್ಲ, ಅದೇ. ನಾಲ್ಕೂ ಕಣ್ಣುಮುಚ್ಚಿ ಬದಲಿಸಿ. ಬಿಳಿ ಹೊಗೆ ಅಂದ್ರೆ ಉರಿಯದ ಡೀಸೆಲ್, ಸಿಲಿಂಡರ್ ತಣ್ಣಗಿದೆ ಅಂತ ಅರ್ಥ. ನನ್ನ ಹಳೆ ಜೀಪಿಗೂ ಇದೇ ಆಗಿತ್ತು.

ಬೈತಕೋಲ್ ಬೋಟು: ಶಿರಸಿಯಲ್ಲಿ ಎಂತ ಚಳಿ, ಹನ್ನೆರಡೋ ಹದಿಮೂರೋ ಡಿಗ್ರಿ. ಡೀಸೆಲ್ಲಿನಲ್ಲಿ ನೀರು ಸೇರಿರ್ತದೆ. ಬಂಕ್ ಬದಲಿಸಿ.

ಯಲ್ಲಾಪುರ ಲೋಡು: ಚಳಿಗೆ ಡೀಸೆಲ್ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಂಡಿರಬಹುದಲ್ಲ?

ಘಟ್ಟದ ಕೆಳಗೆ: ಈ ಚಳಿಗೆ ಗಟ್ಟಿಯಾದ್ರೆ ಉತ್ತರ ಭಾರತದಲ್ಲಿ ಒಂದು ಲಾರಿನೂ ಓಡ್ತಿರಲಿಲ್ಲ. ಅದು ಲಡಾಖಿನ ತಲೆನೋವು, ಅಲ್ಲಿಗೇ ಅಂತ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂತು. ಸ್ಪ್ಯಾನರ್ ಅವ್ರೇ, ನಿಮ್ಮ ಜೀಪಿನ ಹಳೆ ಎಂಜಿನ್ನಿಗೆ ಹೀಟರ್ ಬೇಕೇ ಬೇಕು. ನೇರ ಇಂಜೆಕ್ಷನ್ನಿನ ಕಾಮನ್ ರೈಲು ನಮ್ಮ ಕಡೆ ಚಳಿಗೆ ಹೀಟರ್ ಸತ್ತಿದ್ರೂ ಸ್ವಲ್ಪ ಕೊಸರಾಡಿ ಹಿಡೀತದೆ, ಇಷ್ಟು ಸತಾಯಿಸೋದಿಲ್ಲ.

ಸಿದ್ದಾಪುರ ಸ್ಪ್ಯಾನರ್: ಹಿಡೀತದೆ ಅಂತ ಸತ್ತ ಪ್ಲಗ್ ಇಟ್ಕೊಂಡು ಓಡಿಸ್ಬೇಕಾ? ಮೀಟರ್ ಇದ್ರೆ ವೈರ್ ಕಳಚಿ ಓಮ್ ನೋಡಿ. ಒಂದರ ಆಸುಪಾಸು ಬಂದ್ರೆ ಜೀವಂತ, ಏನೂ ತೋರಿಸದಿದ್ರೆ ಸತ್ತಿದೆ.

ತೋಟದಮನೆ: ನೋಡಿದೆ. ಮೂರು ಸರಿ ಇದೆ, ಒಂದು ಏನೂ ತೋರಿಸ್ಲಿಲ್ಲ.

ಸಿದ್ದಾಪುರ ಸ್ಪ್ಯಾನರ್: ನಾ ಹೇಳ್ಲಿಲ್ವಾ! ಮುಗೀತು ಕೇಸು.

ತೋಟದಮನೆ: ಹೊಸದು ಹಾಕಿಸಿದೆ. ಇವತ್ತು ಬೆಳಿಗ್ಗೆ ಅದೇ ಕತೆ. ಮೊನ್ನೆ ಕಡಲ ಬದಿ ಕುಮಟಾದಲ್ಲಿ, ಚಳಿ ಕಮ್ಮಿ ಇರೋ ಹೆಂಡತಿ ಮನೆಯಲ್ಲಿ ರಾತ್ರಿ ಉಳಿದಾಗ ಮಾತ್ರ ಒಂದೇ ಹೊಡೆತಕ್ಕೆ ಹಿಡೀತು. ಚಳಿಯೇ ಕಾರಣ ಅಂತ ಇನ್ನೆಂತ ಸಾಕ್ಷಿ ಬೇಕು? ಬೇಗ ಹೊತ್ತಿಕೊಳ್ಳೋ ಈಥರ್ ಸ್ಪ್ರೇ ಎಂಜಿನ್ನಿನ ಗಾಳಿ ದಾರಿಗೆ ಹೊಡೀಲಾ?

ಘಟ್ಟದ ಕೆಳಗೆ: ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಈಥರ್ ಬೇಡವೇ ಬೇಡ. ಕೆಂಡದಂತಿರುವ ಪ್ಲಗ್ಗಿಗೆ ತಾಗಿ ಹೊತ್ತಬಾರದ ಹೊತ್ತಲ್ಲಿ ಹೊತ್ತಿಕೊಂಡ್ರೆ ಪಿಸ್ಟನ್ನೇ ಒಡೀಬಹುದು. ಮನೆಯಲ್ಲಿ ಗಾಡಿ ಎಲ್ಲಿ ನಿಲ್ಲಿಸ್ತೀರಿ? ಡೀಸೆಲ್ ಫಿಲ್ಟರ್ ಕೊನೇ ಸಲ ಬದಲಿಸಿದ್ದು ಯಾವಾಗ?

ತೋಟದಮನೆ: ಮಳೆಗಾಲ ಮುಗಿದ ಮೇಲೆ ಸರ್ವೀಸಿನಲ್ಲಿ ಫಿಲ್ಟರ್ ಹಾಕಿದ್ದಾರೆ. ನಿಲ್ಲಿಸೋದು ಮನೆ ಏರಿನಲ್ಲಿ, ಮೂತಿ ಮೇಲೆ ಮಾಡಿ. ಅದಕ್ಕೂ ಇದಕ್ಕೂ ಎಂತ ಸಂಬಂಧ?

ಘಟ್ಟದ ಕೆಳಗೆ: ಸಂಬಂಧ ಅಲ್ಲೇ ಇದ್ದಂಗಿದೆ. ಟ್ಯಾಂಕು ಹಿಂದೆ, ತಗ್ಗಿನಲ್ಲಿ. ಎಂಜಿನ್ನು ಎತ್ತರದಲ್ಲಿ. ಫಿಲ್ಟರಿನ ರಬ್ಬರ್ ರಿಂಗ್ ಸರಿ ಕೂರದೆ ಕೂದಲೆಳೆ ಸಂದಿ ಬಿಟ್ರೂ ಗಾಳಿ ಒಳಗೆ ಎಳೆದು ರಾತ್ರಿಯೆಲ್ಲ ಡೀಸೆಲ್ ಟ್ಯಾಂಕಿಗೆ ವಾಪಸ್ ಜಾರ್ತದೆ. ಬೆಳಿಗ್ಗೆ ಆ ಕಾಮನ್ ರೈಲು ಪೈಪಿನಲ್ಲಿ ಒತ್ತಡ ಏರುವ ತನಕ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಬಾಯೇ ಬಿಡೋದಿಲ್ಲ, ನೀವು ಬರೀ ಸೆಲ್ಫ್ ಹೊಡೀತಾ ಇರ್ತೀರಿ. ಮಧ್ಯಾಹ್ನ ಜಾರ್ಲಿಕ್ಕೆ ಅಷ್ಟು ಹೊತ್ತು ಸಿಕ್ಕೋದಿಲ್ಲ. ಕುಮಟಾದ ಅಂಗಳ ಸಪಾಟು ಇರ್ಬೇಕಲ್ಲ? ಇವತ್ತು ರಾತ್ರಿ ಅದೇ ಏರಿನಲ್ಲಿ ಗಾಡಿ ತಿರುಗಿಸಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ. ಚಳಿ ಅದೇ, ಗಾಡಿ ಅದೇ. ಹಿಡಿದ್ರೆ ಚಳಿಯನ್ನು ಬಿಟ್ಬಿಡಿ. ಮರುದಿನ ಮೊದಲಿನ ಹಾಗೇ ನಿಲ್ಲಿಸಿ, ಚಾವಿ ಮುಟ್ಟುವ ಮೊದಲು ಫಿಲ್ಟರಿಗೆ ಡೀಸೆಲ್ ಎಳೆಯೋ ಕೈಪಂಪು ಗಟ್ಟಿಯಾಗೋ ತನಕ ಒತ್ತಿ ನೋಡಿ.

ಯಲ್ಲಾಪುರ ಲೋಡು: ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆದ್ರೆ ಗಾಳಿ ಹೋಗ್ತದೆ, ನಮ್ಮ ಲಾರಿಗೆ ಹಾಗೇ ಮಾಡ್ತಿದ್ವಿ.

ಘಟ್ಟದ ಕೆಳಗೆ: ಹಳೆ ಲಾರಿಗೆ ಸರಿ. ಕಾಮನ್ ರೈಲಿನಲ್ಲಿ ಸಾವಿರ ಬಾರ್ ದಾಟುವ ಒತ್ತಡ ಇರ್ತದೆ, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗ್ತದೆ. ಆ ನಟ್ಟು ಯಾರೂ ಮುಟ್ಬೇಡಿ.

ಬೈತಕೋಲ್ ಬೋಟು: ನಮ್ಮ ಬೋಟಿನ ಆರು ಸಿಲಿಂಡರಿಗೆ ಪಾರದರ್ಶಕ ಪೈಪೇ ಹಾಕಿಸಿದ್ದೇನೆ, ಗುಳ್ಳೆ ಕಣ್ಣಿಗೇ ಕಾಣ್ತದೆ. ಫೋಟೋ ಹಾಕ್ಲಾ?

ಯಲ್ಲಾಪುರ ಲೋಡು: ಹಾಕಿ ಹಾಕಿ. ಟರ್ಬೋ ಇದೆಯಾ?

ತೋಟದಮನೆ: ಮೂತಿ ಕೆಳಗೆ ಮಾಡಿದ್ದಕ್ಕೆ ಒಂದೇ ಹೊಡೆತಕ್ಕೆ ಹಿಡೀತು. ಮತ್ತೆ ಮೇಲೆ ಮಾಡಿ ನಿಲ್ಲಿಸಿ, ಪಂಪು ಒತ್ತಿ ಹೊಡೆದೆ, ಆಗ್ಲೂ ಹಿಡೀತು. ಮೊದಲು ಪಂಪು ಮೆತ್ತಗಿತ್ತು. ಫಿಲ್ಟರಿನ ಬುಡದಲ್ಲಿ ಸ್ವಲ್ಪ ಒದ್ದೆ ಕಾಣ್ತದೆ. ಬರೀ ರಿಂಗ್ ಸಿಗ್ತದಾ, ಇಡೀ ಫಿಲ್ಟರೇ ತರ್ಬೇಕಾ?

ಘಟ್ಟದ ಕೆಳಗೆ: ಹೊಸ ಫಿಲ್ಟರಿನ ಜೊತೆ ರಿಂಗ್ ಬರ್ತದೆ. ಬರೀ ರಿಂಗ್ ತಗೊಳ್ಳೋದಾದ್ರೆ ಹಳೇದನ್ನು ಅಂಗಡಿಗೆ ಒಯ್ದು ಅಳತೆ ಹೊಂದಿಸಿ, ಡೀಸೆಲ್ ತಡೆಯುವ ರಬ್ಬರೇ ಕೇಳಿ. ಕೂರಿಸುವಾಗ ರಿಂಗಿಗೆ ಡೀಸೆಲ್ ಸವರಿ, ಒಣಗಿದ್ದೇ ಹಾಕಿದ್ರೆ ತಿರುಚಿಕೊಳ್ತದೆ. ಪಕ್ಕದ ರಿಟರ್ನ್ ಪೈಪಿನ ಕ್ಲಿಪ್ಪುಗಳನ್ನೂ ನೋಡಿಬಿಡಿ.

ಸಿದ್ದಾಪುರ ಸ್ಪ್ಯಾನರ್: ಉಳಿದ ಮೂರು ಹೀಟರನ್ನೂ ಈಗ್ಲೇ ಬದಲಿಸಿ, ಒಂದು ಹೋದ್ರೆ ಉಳಿದವೂ ಹೋಗ್ತಾವೆ.

ಬೈತಕೋಲ್ ಬೋಟು: ಟರ್ಬೋ ಇದೆ. ಫೋಟೋ ಸಂಜೆ ಹಾಕ್ತೇನೆ, ಈಗ ದಕ್ಕೆಗೆ ಹೋಗ್ಬೇಕು.