ಫ್ರೆಂಚರ ಕಾಲದ ಕ್ವಿಬೆಕ್ ಮುತ್ತಜ್ಜಂದಿರನ್ನು ಹುಡುಕೋದು ಹೇಗೆ?

ಪ್ರಶ್ನೆ: ನನ್ನ ಗಂಡ ಕೆನಡಾದ ಕ್ವಿಬೆಕ್‌ನವರು, ಮನೆಮಾತು ಫ್ರೆಂಚ್. ಮಗಳು ವಂಶವೃಕ್ಷ ಬರೆಯುತ್ತಿದ್ದಾಳೆ. ನನ್ನ ಕಡೆಯ ಐದು ತಲೆಮಾರನ್ನು ನಮ್ಮಜ್ಜಿ ಫೋನಿನಲ್ಲೇ ಹೇಳಿಬಿಟ್ಟರು. ಇವರ ಕಡೆಯದು 1850ರ ಹತ್ತಿರ ನಿಂತಿದೆ. 1763ಕ್ಕೆ ಮುಂಚಿನ ಫ್ರೆಂಚ್ ಆಳ್ವಿಕೆವರೆಗೆ ಹೋದವರು ಇದ್ದೀರಾ?

ಮಾಂಟ್ರಿಯಲ್‌ನಿಂದ: ನನ್ನ ಗಂಡನ ಮನೆಯದನ್ನು ಮಾಡಿದ್ದೇನೆ. ಹುಟ್ಟಿದ ದಾಖಲೆ ಆಮೇಲೆ ನೋಡಿ, ಮೊದಲು ಮದುವೆ ಹುಡುಕಿ. ಅಲ್ಲಿನ ಕ್ಯಾಥೊಲಿಕ್ ಚರ್ಚಿನ ರಿಜಿಸ್ಟರಿನಲ್ಲಿ ಗಂಡು-ಹೆಣ್ಣು ಇಬ್ಬರ ಅಪ್ಪ-ಅಮ್ಮನ ಹೆಸರೂ ಸಾಮಾನ್ಯವಾಗಿ ಇರುತ್ತದೆ. ಆ ಅಪ್ಪ-ಅಮ್ಮನ ಮದುವೆ ಸಿಕ್ಕರೆ ಒಂದು ತಲೆಮಾರು ಹಿಂದೆ ಹೋದ ಹಾಗೆ. ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರಲ್ಲೇ ಇರುತ್ತಾರೆ, ಪುಣ್ಯಕ್ಕೆ. ಒಂದೇ ತೊಡಕು, ವಿಧವೆಯ ಮರುಮದುವೆ. ಅಲ್ಲಿ ಎಷ್ಟೋ ಸಲ ಅಪ್ಪ-ಅಮ್ಮನ ಬದಲು ತೀರಿಕೊಂಡ ಗಂಡನ ಹೆಸರು ಮಾತ್ರ ಬರೆದಿರುತ್ತಾರೆ.

ನಾನು ಸಿಕ್ಕಿಹಾಕಿಕೊಂಡಿದ್ದು ಹೆಸರಲ್ಲಿ. ಅತ್ತೆಯ ತವರಿನವರು ಲಾಫ್ಲರ್. ಮೂರು ತಿಂಗಳು ಹುಡುಕಿದರೂ ಒಂದು ಕಡೆಯಿಂದಾಚೆ ಲಾಫ್ಲರ್‌ಗಳೇ ಇಲ್ಲ! ಕೊನೆಗೆ ಒಂದು ಮದುವೆಯಲ್ಲಿ 'ಪಿನ್ಸೊನೊ ದಿ ಲಾಫ್ಲರ್' ಅಂತ ಕಂಡಿತು. ನಮ್ಮ ಜಮೀನಿನ ಪತ್ರದಲ್ಲಿ 'ಯಾನೆ', 'ಉರುಫ್' ಅಂತ ಬರೀತಾರಲ್ಲ, ಈ 'ದಿ' ಅದೇ. ಸಿಪಾಯಿಗಳಿಗೆ ಸೈನ್ಯದಲ್ಲಿ ಒಂದೊಂದು ಅಡ್ಡಹೆಸರು ಬೀಳುತ್ತಿತ್ತು. ಲಾಫ್ಲರ್ ಅಂದರೆ ಹೂವು, ಸಾನ್‌ಸೂಸಿ ಅಂದರೆ ಚಿಂತೆ ಇಲ್ಲದವನು. 1665ರಲ್ಲಿ ಫ್ರಾನ್ಸಿನಿಂದ ಬಂದ ಕಾರಿಞಾನ್-ಸಾಲಿಯೇರ್ ರೆಜಿಮೆಂಟಿನ ಸುಮಾರು 1200 ಜನರಲ್ಲಿ 400ರಷ್ಟು ಮಂದಿ ಅಲ್ಲೇ ಉಳಿದರು, ಹೆಸರೂ ಉಳಿಯಿತು. ಒಬ್ಬ ಮಗ ಪಿನ್ಸೊನೊ ಇಟ್ಟುಕೊಂಡರೆ ಇನ್ನೊಬ್ಬ ಲಾಫ್ಲರ್ ಆಗಿಬಿಡುತ್ತಿದ್ದ. ಹಾಗಾಗಿ ಎರಡೂ ಹೆಸರಲ್ಲಿ ಹುಡುಕಿ. ಜಾಸ್ತಿ ಜನಕ್ಕೆ ಸಹಿ ಹಾಕೋಕೂ ಬರುತ್ತಿರಲಿಲ್ಲ, ಪಾದ್ರಿ ಕಿವಿಗೆ ಕೇಳಿದ ಹಾಗೆ ಬರೆದುಕೊಳ್ಳುತ್ತಿದ್ದರು. ಕಾಗುಣಿತ ನಂಬಬೇಡಿ.

ಚರ್ಚಿನ ರಿಜಿಸ್ಟರುಗಳ ಫೋಟೋ ದ್ರುಎಂ (Drouin) ಅನ್ನೋ ಸಂಗ್ರಹದಲ್ಲಿವೆ. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 1966ರಿಂದ ಕಟ್ಟಿದ ಪಿಆರ್‌ಡಿಎಚ್ ಡೇಟಾಬೇಸಿನಲ್ಲಿ ಕುಟುಂಬ ಕುಟುಂಬವಾಗಿ ಜೋಡಿಸಿಟ್ಟಿದ್ದಾರೆ. ದುಡ್ಡು ಕೊಡಬೇಕು, ಕೊಟ್ಟದ್ದಕ್ಕೆ ಮೋಸವಿಲ್ಲ.

ಒಟ್ಟಾವಾದಿಂದ: ತಾರೀಖಿನ ಬಗ್ಗೆ ಒಂದು ಮಾತು. ಒಬ್ಬ ತಾಯಿಯನ್ನು ಮಣ್ಣು ಮಾಡಿದ ತಿಂಗಳು ರಿಜಿಸ್ಟರಿನಲ್ಲಿ '7ಬ್ರ್' ಅಂತಿತ್ತು. ಏಳನೇ ತಿಂಗಳು ಜುಲೈ ಅಲ್ವಾ ಅಂತ ಬರೆದುಕೊಂಡೆ. ಆಮೇಲೆ ನೋಡಿದರೆ ಅವಳ ಮಗು ಹುಟ್ಟಿದ್ದು ಆಗಸ್ಟ್‌ನಲ್ಲಿ! ಫ್ರೆಂಚಿನಲ್ಲಿ ಏಳಕ್ಕೆ 'ಸೆತ್', ಅಂದರೆ ಅದು ಸೆಪ್ಟೆಂಬರ್. 8 ಇದ್ದರೆ ಅಕ್ಟೋಬರ್, 9 ನವೆಂಬರ್. ಡಿಸೆಂಬರಿಗೆ ರೋಮನ್ ಹತ್ತು, ಒಂದು ಇಂಟು ಗುರುತಿನ ಹಾಗೆ ಕಾಣುತ್ತದೆ.

ಬೆಂಗಳೂರಿನಿಂದ (ಅಳಿಯ ಆ ಕಡೆಯವನು): ಬೇರೆಯವರು ಹಾಕಿದ ರೆಡಿಮೇಡ್ ವೃಕ್ಷ ನಕಲು ಮಾಡಬೇಡಿ, ನಾನು ಮಾಡಿ ಕೆಟ್ಟೆ. ಅದರಲ್ಲಿ ಎಲ್ಲರ ಅಜ್ಜಿಯೂ 'ರಾಜನ ಮಗಳು'. ಫ್ರಾನ್ಸಿನ ರಾಜನ ಖರ್ಚಿನಲ್ಲಿ 1663ರಿಂದ 1673ರೊಳಗೆ ಬಂದ ಸುಮಾರು 800 ಹೆಣ್ಣುಮಕ್ಕಳಿಗೆ ಮಾತ್ರ ಆ ಹೆಸರು. ಬಂದ ವರ್ಷ ನೋಡದೆ ಸುಮ್ನೆ ಸೇರಿಸಿಬಿಡುತ್ತಾರೆ. ಇನ್ನೊಂದು, ಮದುವೆ ದಾಖಲೆಯಲ್ಲಿ ರಕ್ತಸಂಬಂಧಕ್ಕೆ ಚರ್ಚಿನ ವಿನಾಯಿತಿ ಬರೆದಿದ್ದರೆ ಬಿಡಬೇಡಿ. ನಮ್ಮಲ್ಲಿ ಸೋದರಮಾವನ ಮಗಳನ್ನು ತಂದುಕೊಂಡರೆ ಯಾರೂ ಕೇಳಲ್ಲ. ಅಲ್ಲಿ ಮುತ್ತಜ್ಜನ ಅಪ್ಪ ಒಬ್ಬನೇ ಆಗಿದ್ದರೂ ಅನುಮತಿ ಬೇಕಿತ್ತು. ಎಷ್ಟನೇ ತಲೆಮಾರಿನ ನಂಟು ಅಂತ ಅದರಲ್ಲೇ ಬರೆದಿರುತ್ತದೆ.

ಪ್ರಶ್ನೆ ಕೇಳಿದವರು: ನಿನ್ನೆ ರಾತ್ರಿ ಕೂತು, ನಾವು ನಿಂತಿದ್ದ ಆ ಮದುವೆಯನ್ನು ಮತ್ತೆ ತೆಗೆದೆ. 1848, ಪಾದ್ರಿಯ ಅಕ್ಷರ ಕೋಳಿ ಕೆದಕಿದ ಹಾಗಿದೆ. ಮಗಳೇ ಓದಿದ್ದು: ಮದುಮಗಳ ಹೆಸರಿನ ಮುಂದೆ 'ವಿಧವೆ' ಅಂತಿದೆ, ಅದರ ಕೆಳಗೆ ಯಾವನೋ ಸಾನ್‌ಸೂಸಿ. ನಾವು ಇಷ್ಟು ದಿನ ಅವನನ್ನು ಅವಳ ಅಪ್ಪ ಅಂದುಕೊಂಡಿದ್ದೆವು.