ತುಂಗಭದ್ರಾ: 133 ಟಿಎಂಸಿ ಎಲ್ಲಿ ಹೋಯಿತು, 19ನೇ ಗೇಟ್ ಕೂರಿಸುವುದು ಅಷ್ಟು ಕಷ್ಟ ಯಾಕಾಯಿತು?

ಪ್ರಶ್ನೆ: ಹಳೆ ದಾಖಲೆಯಲ್ಲಿ ತುಂಗಭದ್ರಾ ಜಲಾಶಯದ ಸಂಗ್ರಹ ಸಾಮರ್ಥ್ಯ 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ), ಈಗ ಸುಮಾರು 105.8 ಅಂತಾರೆ. ಹಾಗೆಯೇ, 2024ರಲ್ಲಿ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಬೇರೆ ಗೇಟ್‌ಗಳನ್ನೂ ತೆರೆದದ್ದು ಯಾಕೆ?

ಉತ್ತರ 1: ಸಾಮರ್ಥ್ಯ ಕಡಿಮೆಯಾಗೋಕೆ ಕಾರಣ ಹೂಳು. ಮಳೆಗಾಲದ ಕೆಂಪು ನೀರು ಜಲಾಶಯದಲ್ಲಿ ನಿಧಾನವಾದ ಕೂಡಲೇ ಮಣ್ಣು ತಳ ಸೇರುತ್ತೆ. ಕ್ರೆಸ್ಟ್ ಗೇಟ್ (ನೀರು ಹೊರಬಿಡುವ ಗೋಡೆಯ ನೆತ್ತಿಯ ಮೇಲಿನ ಗೇಟ್) ಇರೋದು ಮೇಲುಗಡೆ, ಹಾಗಾಗಿ ಅದನ್ನು ತೆರೆದರೆ ತಳದ ಹೂಳು ಹೋಗಲ್ಲ. ಅಗೆದು ತೆಗೆಯೋಣ ಅಂದರೆ ಅಷ್ಟು ಮಣ್ಣು ಸುರಿಯೋಕೆ ಜಾಗ ಎಲ್ಲಿದೆ?

ಉತ್ತರ 2: ಅಣೆಕಟ್ಟು ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳ ಜಂಟಿ ಕೆಲಸ, 1945ರಲ್ಲಿ ಶುರು, 1953ರಲ್ಲಿ ನೀರು ಬಿಟ್ಟರು.

ಗೇಟ್ ವಿಷಯ: ಒಟ್ಟು 33, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1633 ಅಡಿ, ಗೇಟ್ ಕೂರುವ ಕ್ರೆಸ್ಟ್ 1613. ಆಗಸ್ಟ್ 10ರ ರಾತ್ರಿ ಗೇಟ್ ಎತ್ತುವ ಚೈನ್ ತುಂಡಾಗಿ 19ನೇ ಗೇಟ್ ಹೋಯಿತು. ಇತರೆ ಗೇಟ್ ತೆರೆದಿದ್ದು ಮಟ್ಟ ಇಳಿಸಿ ಒತ್ತಡ ತಗ್ಗಿಸೋಕೆ. ನಿಂತ ನೀರಲ್ಲಾದರೆ ಹೊಸ ಗೇಟ್ ಕೂರಿಸೋದು ಸುಲಭ, ಹರಿಯುವ ನೀರು ಗೇಟಿನ ಹಲಗೆಯನ್ನು ತಳ್ಳಿಬಿಡುತ್ತೆ, ಅದು ಜಾರಿ ಇಳಿಯುವ ಸೀಳಿನಲ್ಲಿ ಕೂರೋಕೆ ಬಿಡಲ್ಲ.

ಉತ್ತರ 1: ಅದಕ್ಕೇ ಇಡೀ ಗೇಟ್ ಬದಲು ಸ್ಟಾಪ್‌ಲಾಗ್: 4 ಅಡಿ ಎತ್ತರದ ಐದು ಉಕ್ಕಿನ ತುಂಡು, ಕ್ರೇನ್‌ನಿಂದ ಒಂದರ ಮೇಲೊಂದು. ಕೆಳಗಿನದು ಸರಿ ಕೂತರೆ ಉಳಿದವು ಸಲೀಸು.