ಅಪ್‌ಡೇಟ್: ಓಣಿ ಮಂದೀನ ಸಂಗೀತದ ಸುತ್ತಾಟಕ್ಕ ಕರ್ಕೊಂಡು ಹೋಗಿ ಬಂದೆ

ಹಿರಿಯರು, ಕಾಲೇಜ್ ಹುಡುಗರು ಕೂಡೇ ಹೋಗುವಂಥ ಸಂಗೀತದ ಸುತ್ತಾಟ ಹೆಂಗ ಮಾಡೋದು, ಭಾಷಣ ಬ್ಯಾಡ ಅಂತ ಇಲ್ಲಿ ಕೇಳಿದ್ದೆ. 'ಬರೇ ಮನಿ ತೋರಿಸಬ್ಯಾಡ್ರಿ, ಕೈಗೆ ಏನರೆ ಕೊಡ್ರಿ' ಅಂದವರಿಗೆ ದೊಡ್ಡ ನಮಸ್ಕಾರ.

ಧಾರವಾಡದಾಗ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನಿ 'ಮೃತ್ಯುಂಜಯ' ನೋಡಿದ್ವಿ. ಚೊಲೋ ಇತ್ತು, ಆದ್ರ ಹುಡುಗರು ಫೋಟೋ ತೆಗೆದು ಸುಮ್ಮನಾದ್ರು.

ರಂಗೇರಿದ್ದು ಕುಂದಗೋಳದ ಹಾದಿಯಾಗ. ಗಾಯಕಿ ಗಂಗೂಬಾಯಿ ಹಾನಗಲ್ ಅವರು ಕುಂದಗೋಳದಾಗಿದ್ದ ಗುರು ಸವಾಯಿ ಗಂಧರ್ವರ ಹತ್ರ ಪಾಠಕ್ಕ ಹುಬ್ಬಳ್ಳಿಯಿಂದ ರೈಲಿನಾಗ ಹೋಗಿ ಬರತಿದ್ರಲ್ಲ, ಅದಕ್ಕ ನಾವೂ ಬಸ್ ಬಿಟ್ಟು ರೈಲ್ ಹಿಡಿದ್ವಿ. ಡಬ್ಬಿಯೊಳಗ ಫೋನಿನಾಗ ಗಂಗೂಬಾಯಿ ಅವರದೊಂದು ಧ್ವನಿಮುದ್ರಿಕೆ, ಆಮ್ಯಾಲೆ ಅದೇ ಗುರುಗಳ ಶಿಷ್ಯ ಭೀಮಸೇನ ಜೋಶಿಯವರದು ಹಚ್ಚಿದೆ. 'ಒಂದೇ ಗುರು, ದನಿ ಇಷ್ಟು ಬ್ಯಾರೆ?' ಅಂತ ಎದುರಿನ ಸೀಟಿನ ಅಜ್ಜಾರೂ ವಾದಕ್ಕಿಳಿದ್ರು.

ಊರಾಗ ನಾಡಿಗೇರ ಮನೆತನದ ಹಳೇ ದೊಡ್ಡ ಮನಿ, ನಾಡಿಗೇರ ವಾಡೆ ನೋಡಿ, ಗುರುತಿನ ಸಂಗೀತದ ಮೇಷ್ಟ್ರ ಮನಿಯಾಗ ಕುಂತ್ವಿ. ಅವರು ತಂಬೂರಿ ಮುಂದಿಟ್ಟು ಒಬ್ಬೊಬ್ಬರ ಕೈಲೆ ನಾಕೂ ತಂತಿ ಮೀಟಿಸಿದ್ರು, ಒಂದೊಂದಕ್ಕ ಒಂದು ಸ್ವರ: ಪ, ಸಾ, ಸಾ, ಕೆಳಗಿನ ಸಾ. ತಂತಿ ಕೆಳಗಿನ ದಾರ ಒಂದೀಟು ಸರಿಸಿದ್ರೆ ಮೊಂಡ ಸದ್ದು ಝೇಂಕಾರ ಆಗ್ತದ. ಎಲ್ಲಾರೂ ಅದನ್ನ ಮತ್ತ ಮತ್ತ ಸರಿಸಿ ನೋಡಿದ್ರು, ಊಟಕ್ಕ ಎಬ್ಬಿಸಾಕ ಸಾಕಾತು.

ಮುಂದಿನ ಸಲ ಗದಗಿನ ವೀರೇಶ್ವರ ಪುಣ್ಯಾಶ್ರಮ. ಅಲ್ಲಿ ಕಣ್ಣು ಕಾಣದ ಮಕ್ಕಳು ಸಂಗೀತ ಕಲೀತಾರ, ಗುಂಪು ಹೋದ್ರ ಅವರ ಪಾಠಕ್ಕ ತೊಂದ್ರಿ ಆಗಬಾರದು. ಹೋಗಿ ಬಂದವರು ಯಾವ ಹೊತ್ತು ಛಲೋ ಹೇಳ್ರಿ.